ಕಳೆಯುವ ಲೆಕ್ಕ

ಹತ್ತೊಂಬತ್ತು ವರ್ಷ ಈರನಗೇರಿಯಲ್ಲಿ
ಮನೆ ಕಂದಾಯದ ಚೀಟಿ ಹಂಚಿದೆ.
ಹತ್ತೊಂಬತ್ತು ವರ್ಷವೂ ತಾತ್ಕಾಲಿಕ.
ಕೇಳಿದರೆ ನೀರು ಕೊಡುತ್ತಿದ್ದರು,
ಬೆಲ್ಲ ಯಾರೂ ಕೊಟ್ಟದ್ದಿಲ್ಲ.

'ನಮ್ಮ ದುಡ್ಡಲ್ಲಿ ಅದೇನ್ ಕಡಿದು ಕಟ್ಟೆ ಹಾಕಿದ್ರವ್ವ?'
ಅಕ್ಕಿ ಮಂಡಿಯ ಸಿದ್ದಲಿಂಗಸೆಟ್ಟರು
ಪ್ರತಿ ಏಪ್ರಿಲಿನಲ್ಲೂ ಕೇಳುತ್ತಿದ್ದರು.
ಅವರ ಮಾತಲ್ಲಿ ಸುಳ್ಳಿರಲಿಲ್ಲ.
ನಾಲ್ಕು ರಸ್ತೆ ಕೂಡುವಲ್ಲಿ ಕಾರಂಜಿ ಕಟ್ಟಿದ್ದೆವು,
ಚಿಮ್ಮಿದ್ದು ಉದ್ಘಾಟನೆಯ ದಿನ, ಅದೂ ಅರ್ಧ ಗಂಟೆ.
ಆ ಅರ್ಧ ಗಂಟೆಗೆ ಶಾಲು, ಪೇಟ, ಗಂಧದ ಹಾರ,
ಡಬ್ಬ ಡಬ್ಬ ಮೈಸೂರು ಪಾಕು.
ನಾನೂ ತಿಂದೆ ಒಂದು ತುಂಡು.
ತುಪ್ಪ ಚೆನ್ನಾಗಿತ್ತು.

ಹಾಗಾಗಿ ಈ ಸಲ ಸಭೆಯಲ್ಲಿ
ಖರ್ಚು ಇಳಿಸೋಣ, ಕಂದಾಯ ಇಳಿಸೋಣ ಎಂದಾಗ
ಕಡತ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತ ನಾನೂ
ಒಳಗೊಳಗೇ ಮೇಜು ಕುಟ್ಟಿದೆ.

ಕೆಂಪು ಶಾಯಿಯ ಪೆನ್ನು ಹಾಳೆಯ ನೆತ್ತಿಯಿಂದ ಹೊರಟಿತು.
ಅಧ್ಯಯನ ಪ್ರವಾಸ. ಪೆನ್ನು ತಡೆಯಿತು.
'ಇದು ಬೇಕಾಗತ್ತೆ.'
ಕಾರು ಬಾಡಿಗೆ. 'ಬೇಕಾಗತ್ತೆ.'
ಕಾರಂಜಿ ದುರಸ್ತಿ. 'ಕಂಟ್ರಾಕ್ಟು ಆಗೋಗಿದೆ.'
ಇಳಿದು ಇಳಿದು ಅದಕ್ಕೆ ಧೈರ್ಯ ಬಂದದ್ದು
ಹಾಳೆಯ ಪಾದದಲ್ಲಿ, ಅಕ್ಷರ ಸಣ್ಣದಾಗುವ ಕಡೆ:
ಪೌರಕಾರ್ಮಿಕರ ಕೈಗವಸು, ಎರಡನೇ ಜೊತೆ.
ವಾಚನಾಲಯದ ಸಂಜೆ ಪಾಳಿ.
ನೀರಿನ ವಾಲ್ವು ತಿರುಗಿಸುವವರು, ಇಬ್ಬರಲ್ಲಿ ಒಬ್ಬ.
ಮನೆಮನೆಗೆ ಚೀಟಿ ಒಯ್ಯುವವರು, ಆರು ಹುದ್ದೆ.

ಆರರಲ್ಲಿ ಒಂದು ಹುದ್ದೆ ಎದ್ದು ಹೋಗಿ
ಎಲ್ಲರಿಗೂ ಟೀ ತಂದುಕೊಟ್ಟಿತು.

ಮೂರನೇ ಕ್ಲಾಸಿನ ರೆಬೆಕಾ ಟೀಚರ್ ಹೇಳುತ್ತಿದ್ದರು:
ಬಿಡಿಯ ಮನೆಯಲ್ಲಿ ಸಾಲದೆ ಬಂದರೆ
ಪಕ್ಕದ ಹತ್ತರ ಮನೆಯಿಂದ ಕಡ ತಾ,
ತಂದದ್ದು ಮರೀಬೇಡ, ಅಲ್ಲೊಂದು ಕಮ್ಮಿ ಮಾಡು.
ಇವರೆಲ್ಲ ಯಾವ ಸ್ಕೂಲಿನವರೋ,
ಸಾವಿರದ ಮನೆಯಲ್ಲಿ ಸಾಲದಿದ್ದರೆ
ಬಿಡಿಯ ಮನೆಯ ಬಾಗಿಲು ತಟ್ಟುತ್ತಾರೆ.

ನೆಗಡಿಗೆ ಮೂಗು ಕುಯ್ದರು ಎನ್ನಲಾರೆ.
ಮೂಗು ನೆಟ್ಟಗಿದೆ. ನೆಗಡಿಯೂ ಇದೆ.
ಹೋದದ್ದು ಕರವಸ್ತ್ರ ಒಗೆಯುತ್ತಿದ್ದವನು.

ವಾಚನಾಲಯಕ್ಕೀಗ ಐದಕ್ಕೇ ಬೀಗ.
ಸಂಜೆಗೊಮ್ಮೆ ಪೇಪರು ನೋಡಲು ಬರುತ್ತಿದ್ದ ಆಟೋ ಶಫೀವುಲ್ಲಾ
ಮುಚ್ಚಿದ ಕಿಟಕಿಯ ಗಾಜಿಗೆ ಹಣೆ ಒತ್ತಿ
ಒಳಗೆ ಮೇಜಿನ ಮೇಲೆ ಮಡಚಿಟ್ಟ ಸುದ್ದಿಯ
ಕಾಣುವಷ್ಟನ್ನು ಓದುತ್ತಾನೆ.
'ಬಡ್ಡಿ ದರ ಅಂತ ಅದೆ, ಏರಿತೋ ಇಳೀತೋ
ಮಡಿಕೆ ಒಳಗಡೆ ಅದೆ ಕಣಕ್ಕ.'

ತಿದ್ದಿದ ಚೀಟಿ, ನನ್ನ ಕೊನೆಯ ಕಟ್ಟು,
ಹಂಚಿದ್ದು ಆಷಾಢದ ಶುಕ್ರವಾರ.
ಅರ್ಧ ಬೀದಿ ಬೆಟ್ಟ ಹತ್ತಲು ಹೋಗಿತ್ತು.
ಸೆಟ್ಟರಿಗೆ ಉಳಿದದ್ದು ಎರಡು ಸಾವಿರದ ಮುನ್ನೂರು.
ಕನ್ನಡಕ ಏರಿಸಿ ಓದಿ, ಇಳಿಸಿ ಓದಿ
'ಈಗ ದಾರಿಗೆ ಬಂದ್ರಿ' ಎಂದರು.

ವಠಾರದ ತುದಿಯ ಒಂದೇ ಕೋಣೆ ಮನೆ,
ಹಪ್ಪಳ ಒತ್ತಿ ಮಾರುವ ಕೆಂಪರಾಜಮ್ಮಣ್ಣಿಗೆ
ಉಳಿದದ್ದು ತೊಂಬತ್ತಾರು.
ಚೀಟಿಯನ್ನು ಕಣ್ಣಿಗೊತ್ತಿಕೊಂಡರು.
'ತೊಂಬತ್ತಾರು ಅಂದ್ರೆ ಸುಮ್ನೆ ಅಲ್ಲ ಕಣವ್ವ.'
ಸುಮ್ಮನೆ ಅಲ್ಲ, ನನಗೂ ಗೊತ್ತು.
ಆ ಮುಖ ನೋಡಿದ ಮೇಲೆ
ಕಂದಾಯ ಇಳಿಸಿದ್ದು ತಪ್ಪು ಎಂದು
ನನ್ನ ಬಾಯಲ್ಲಿ ಬಾರದು.

ಒಳಗೆ ಹೋದರು. ಲೋಟ ತಂದರು,
ಲೋಟದ ಜೊತೆ ಅಂಗೈಯಗಲ ತಟ್ಟೆ,
ತಟ್ಟೆಯಲ್ಲಿ ಮಂಡ್ಯದ ಅಚ್ಚುಬೆಲ್ಲ.
ಇಡೀ ಅಚ್ಚು. ಬಾಯಿಗಿಟ್ಟುಕೊಂಡೆ.

'ಎಂಟು ದಿನ ಆಯ್ತು ನಲ್ಲಿ ಕೆಮ್ಮೂ ಇಲ್ಲ.
ವಾಲ್ವಿನ ಜವರಪ್ಪ ಎಲ್ಲೋದ, ನಿನಗೇನಾದ್ರು ಗೊತ್ತಾ?'

ಬಾಯಿ ತುಂಬ ಬೆಲ್ಲವಿತ್ತು.

'ಕುಡಿ, ಒಳ್ಳೇ ನೀರು. ಕ್ಯಾನಿಂದು.
ಕ್ಯಾನಿಗೆ ಮೂವತ್ತೆರಡು.'

ಅರ್ಧ ಕುಡಿದು
ಲೋಟ ಮೆಲ್ಲಗೆ ಕೆಳಗಿಟ್ಟೆ.